ಬೇಯದ ಬೇಳೆ, ಮಾರಾಟಕ್ಕೆ ಬಂದ ಕಲ್ಲುಪುಡಿ

ಬೀದರ್ ಜಿಲ್ಲೆಯ ಭಾಲ್ಕಿ ಕಡೆಯ ಕಪ್ಪು ಎರೆ ನೆಲದ ಊರುಗಳಲ್ಲಿ ಕೊಳವೆಬಾವಿ ನೀರಿಗೆ ತೊಗರಿಬೇಳೆ ಹಾಕಿ ಒಲೆಯ ಮೇಲಿಟ್ಟರೆ ಎಷ್ಟೋ ಸಲ ತಾಸು ಕಳೆದರೂ ಬೇಳೆ ಬಿಡಿಬಿಡಿಯಾಗಿಯೇ ಕೂತಿರುತ್ತದೆ. "ಈ ನೀರಾಗ ಬ್ಯಾಳಿ ಕುದಿವಲ್ದು" ಎಂದು ಗೊಣಗುತ್ತ ಮನೆಯಾಕೆ ಒಂದು ಚಿಟಿಕೆ ಸೋಡಾ ಉದುರಿಸುತ್ತಾಳೆ. ಆಮೇಲೆ ಬೇಳೆ ಕರಗುತ್ತದೆ. ನೀರು ಕಾಯಿಸುವ ಹಂಡೆಯ ತಳದಲ್ಲಿ ಮಾತ್ರ ವರ್ಷಗಟ್ಟಲೆ ಕೂತ ಬಿಳಿ ಪೊರೆ ಇರುತ್ತದೆ. ಕೆರೆದರೆ ಗೋಡೆಯ ಸುಣ್ಣದ ಹಾಗೆ ಚಕ್ಕೆಯಾಗಿ ಏಳುತ್ತದೆ.

ಅಲ್ಲಿಂದ ಬೀದರ್ ನಗರಕ್ಕೆ ಬಂದರೆ ನೆಲ ಕೆಂಪಾಗುತ್ತದೆ, ನೀರಿನ ಗುಣವೂ ಬದಲಾಗುತ್ತದೆ. ಗುರುನಾನಕ್ ಝೀರಾದಲ್ಲಿ ಜಂಬಿಟ್ಟಿಗೆ ಬಂಡೆಯ ಬುಡದಿಂದ ಜಿನುಗುವ ನೀರನ್ನು ಭಕ್ತರು ಬೊಗಸೆಯಲ್ಲಿ ಹಿಡಿದು ಕುಡಿಯುತ್ತಾರೆ. ಝರಣಿ ನರಸಿಂಹನ ಗುಹೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಡೆದುಹೋಗಿ ದರ್ಶನ ಮಾಡುತ್ತಾರೆ. ಝೀರಾ, ಝರಣಿ ಎರಡೂ ಊಟೆಯ ಹೆಸರುಗಳೇ. ಒಂದೇ ಊರಿನಲ್ಲಿ ಎರಡು ಧರ್ಮದವರು ಒಂದೇ ಬಂಡೆಯ ನೀರಿಗೆ ಕೈಮುಗಿದಿದ್ದಾರೆ. ಜಂಬಿಟ್ಟಿಗೆಯಿಂದ ಬರುವ ನೀರು ಸಾಮಾನ್ಯವಾಗಿ ಮೆದು. ಅದರಲ್ಲಿ ಬೇಳೆ ಹಟ ಮಾಡುವುದಿಲ್ಲ.

ಕಪ್ಪು ನೆಲ, ಕೆಂಪು ನೆಲ ಎರಡರ ತಾಯಿಯೂ ಒಂದೇ ಕಲ್ಲು, ದಖನ್ನಿನ ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಬಿರುಕುಗಳಿಂದ ಉಕ್ಕಿ ಪದರದ ಮೇಲೆ ಪದರವಾಗಿ ಹೆಪ್ಪುಗಟ್ಟಿದ ಲಾವಾ ಇದು. ಇಂದಿಗೂ ಸುಮಾರು 5 ಲಕ್ಷ ಚದರ ಕಿ.ಮೀ. ಹಾಸಿಕೊಂಡಿದೆ. ಪಶ್ಚಿಮ ಘಟ್ಟದ ಕಡೆ ಅದರ ದಪ್ಪ ಒಂದೆರಡು ಕಿ.ಮೀ. ಬೀದರ್ ಜಿಲ್ಲೆ ಇರುವುದು ಈ ಹಾಸಿನ ಆಗ್ನೇಯ ಅಂಚಿನ ಬಳಿ. ನೂರು ಕಿಲೋ ಬಸಾಲ್ಟ್ ತೆಗೆದುಕೊಂಡರೆ ಅದರಲ್ಲಿ ಹತ್ತು ಕಿಲೋ ಆಸುಪಾಸು ಕ್ಯಾಲ್ಸಿಯಂ ಆಕ್ಸೈಡ್ ಇರುತ್ತದೆ. ಮೆಗ್ನೀಸಿಯಂ ಬೇರೆ. ಮಳೆನೀರು ಗಾಳಿಯಿಂದಲೂ ಮಣ್ಣಿನಿಂದಲೂ ಇಂಗಾಲದ ಡೈಆಕ್ಸೈಡ್ ಹೀರಿ ತುಸು ಹುಳಿಯಾಗುತ್ತದೆ. ಆ ಹುಳಿನೀರು ಕಲ್ಲನ್ನು ಮೆಲ್ಲಗೆ ಕಡಿಯುತ್ತದೆ. ಕಡಿದಾಗ ಕ್ಯಾಲ್ಸಿಯಂ ಬಿಡುಗಡೆಯಾಗುತ್ತದೆ, ಹುಳಿ ಹೋಗಿ ಬೈಕಾರ್ಬೊನೇಟ್ ಆಗುತ್ತದೆ. ಭಾಲ್ಕಿಯ ಪಾತ್ರೆಯಲ್ಲಿ ಬೇಳೆಯ ಪೆಕ್ಟಿನ್ನಿಗೆ ಅಂಟಿಕೊಂಡು ಅದನ್ನು ಗಟ್ಟಿಯಾಗಿಯೇ ಇಡುವುದು ಈ ಕ್ಯಾಲ್ಸಿಯಂ. ಹಂಡೆಯ ತಳದ ಪೊರೆಯೂ ಅದರದ್ದೇ.

ಪಾತ್ರೆಗೆ ಸಿಗದ ಪಾಲು ಹಳ್ಳ ಸೇರುತ್ತದೆ, ಹಳ್ಳದಿಂದ ಕಾರಂಜಾ, ಅಲ್ಲಿಂದ ಮಾಂಜ್ರಾ. ಔರಾದ್, ಭಾಲ್ಕಿ, ಬೀದರ್ ತಾಲ್ಲೂಕುಗಳ ನೀರು ಹೊತ್ತ ಮಾಂಜ್ರಾ ತೆಲಂಗಾಣದ ಕಂದಕುರ್ತಿ ಬಳಿ ಗೋದಾವರಿಯನ್ನು ಕೂಡುತ್ತದೆ. ಗೋದಾವರಿ ಬಂಗಾಳ ಕೊಲ್ಲಿಗೆ ಇಳಿಯುತ್ತದೆ. ಅಲ್ಲಿ ಕಣ್ಣಿಗೆ ಕಾಣದಷ್ಟು ಚಿಕ್ಕ ಫೊರಾಮಿನಿಫೆರಾ ಜೀವಿಗಳು, ಸಿಂಪಿಗಳು, ಹವಳಗಳು ಇದೇ ಕ್ಯಾಲ್ಸಿಯಂ ಮತ್ತು ಬೈಕಾರ್ಬೊನೇಟ್ ಹಿಡಿದು ಚಿಪ್ಪು ಕಟ್ಟುತ್ತವೆ. ನೇರ ಗೆರೆ ಎಳೆದರೂ ಕಡಲು ಬೀದರಿನಿಂದ ನಾನೂರು ಕಿ.ಮೀ. ದೂರ. ಹಾಗಿದ್ದೂ ರಾಜ್ಯದ ಪಶು ವೈದ್ಯಕೀಯ, ಪ್ರಾಣಿ ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ಕೇಂದ್ರ ಇರುವುದು ಬೀದರಿನ ನಂದಿನಗರದಲ್ಲಿ. 1969ರಲ್ಲಿ ಶುರುವಾದ ಮಂಗಳೂರಿನ ಮೀನುಗಾರಿಕೆ ಕಾಲೇಜು ಅದರ ಅಡಿಯಲ್ಲೇ ಬರುತ್ತದೆ. ಆಡಳಿತದ ಲೆಕ್ಕದಲ್ಲಿ ಇದು ವಿಚಿತ್ರವಾಗಿ ಕಂಡರೂ ರಸಾಯನಶಾಸ್ತ್ರದ ಲೆಕ್ಕದಲ್ಲಿ ಸರಿಯಾಗಿಯೇ ಇದೆ.

ಇಷ್ಟು ಪೀಠಿಕೆಗೆ ಕಾರಣ ಒಂದು ಹೊಸ ವ್ಯಾಪಾರ. ಬಸಾಲ್ಟನ್ನು ಹಿಟ್ಟಿನ ಹಾಗೆ ಪುಡಿ ಮಾಡಿ ಹೊಲಕ್ಕೆ ಹರಡಬೇಕು. ಕಲ್ಲು ಬೇಗ ಕರಗಿ ಗಾಳಿಯ ಇಂಗಾಲವನ್ನು ಬೈಕಾರ್ಬೊನೇಟ್ ಮಾಡಿ ಕಡಲಿಗೆ ಕಳಿಸುತ್ತದೆ. ಹಾಗೆ ಹೋದ ಇಂಗಾಲವನ್ನು ಟನ್ ಲೆಕ್ಕದಲ್ಲಿ 'ಕ್ರೆಡಿಟ್' ಎಂದು ದೊಡ್ಡ ಕಂಪನಿಗಳಿಗೆ ಮಾರಬೇಕು. 2020ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಡೇವಿಡ್ ಬೀರ್ಲಿಂಗ್ ಮತ್ತು ಸಂಗಡಿಗರು ಈ ದಾರಿಯಲ್ಲಿ ವರ್ಷಕ್ಕೆ 50 ಕೋಟಿಯಿಂದ 200 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ತೆಗೆಯಬಹುದು ಎಂದು ಲೆಕ್ಕ ಹಾಕಿದರು. ಭಾರತ, ಚೀನಾ, ಅಮೆರಿಕ, ಬ್ರೆಜಿಲ್‌ಗಳ ಹೊಲಗಳ ಮೇಲೆ ಅವರ ಹೆಚ್ಚಿನ ಭರವಸೆ. 2025ರ ಏಪ್ರಿಲ್‌ನಲ್ಲಿ ಎಕ್ಸ್‌ಪ್ರೈಜ್ ಸಂಸ್ಥೆಯ 5 ಕೋಟಿ ಡಾಲರ್ ಬಹುಮಾನ ಮಾಟಿ ಕಾರ್ಬನ್ ಎಂಬ ಸಂಸ್ಥೆಗೆ ಬಂತು. ಛತ್ತೀಸಗಢದ ಸಣ್ಣ ರೈತರ ಗದ್ದೆಗಳಿಗೆ ಬಸಾಲ್ಟ್ ಪುಡಿ ಹಾಕಿಸುವುದು ಅದರ ಕೆಲಸ.

ಬಸಾಲ್ಟಿನ ಮೇಲೆಯೇ ಕೂತಿರುವ ಬೀದರಿಗೆ ಈ ಮಾತು ಇಂದಲ್ಲ ನಾಳೆ ಬಂದೇ ಬರುತ್ತದೆ. ಕಲ್ಲು ಇಲ್ಲಿಯೇ ಇದೆ, ಕ್ರಷರ್ ಇದೆ, ಕ್ರಷರಿನ ಹಿಂದೆ ಬಿದ್ದ ದೂಳಿನ ಗುಡ್ಡೆಯೂ ಇದೆ. ಆಗ ಹೌದೆನ್ನಬೇಕೋ ಬೇಡವೆನ್ನಬೇಕೋ? ಕಲ್ಲುಪುಡಿಯ ವಿಜ್ಞಾನ ನಿಜ. ಆದರೆ ಅದು ಯಾವ ನೆಲದಲ್ಲಿ ಎಷ್ಟು ನಿಜ ಎಂಬುದನ್ನು ಹೇಳಬೇಕಾದ್ದು ಆ ನೆಲ. ಬೀದರ್ ಜಿಲ್ಲೆಯ ನೆಲ ಹೇಳುವ ಉತ್ತರ ಎರಡು ಬಣ್ಣದ್ದು. ಕೆಂಪು ನೆಲದಲ್ಲಿ ಪರೀಕ್ಷೆಗೆ ಅವಕಾಶ ಕೊಡಬಹುದು. ಔರಾದ್, ಭಾಲ್ಕಿಯ ಎರೆಯಲ್ಲಿ ಈ ಲೆಕ್ಕವನ್ನು ಸುಲಭಕ್ಕೆ ಒಪ್ಪಬಾರದು.

ಮೊದಲು ಕೆಂಪು ನೆಲ. ಫ್ರಾನ್ಸಿಸ್ ಬುಕಾನನ್ 1807ರ ತನ್ನ ಪ್ರವಾಸ ಗ್ರಂಥದಲ್ಲಿ ಮಲಬಾರಿನ ಕೆಂಪುಕಲ್ಲಿಗೆ 'ಲ್ಯಾಟರೈಟ್' ಎಂದು ಹೆಸರಿಟ್ಟ. ಲ್ಯಾಟಿನ್ನಿನಲ್ಲಿ 'ಲೇಟರ್' ಎಂದರೆ ಇಟ್ಟಿಗೆ. ಜಂಬಿಟ್ಟಿಗೆ ಎನ್ನುವ ಕನ್ನಡಿಗರಿಗೆ ಅದರೊಳಗಿನ ಇಟ್ಟಿಗೆ ಬುಕಾನನ್ ಬರುವ ಮೊದಲೇ ಕಂಡಿತ್ತು. 1840ರ ದಶಕದಲ್ಲಿ ಮದ್ರಾಸ್ ಸೇನೆಯ ಅಧಿಕಾರಿ ನ್ಯೂಬೋಲ್ಡ್ ಬೀದರಿನ ಜಂಬಿಟ್ಟಿಗೆಯನ್ನು ವಿವರಿಸಿ ಬರೆದ. ಅಂದಿನಿಂದ ಈ ಊರಿನ ದಿಬ್ಬ ಭೂವಿಜ್ಞಾನಿಗಳ ಕಣ್ಣು ಬಿಟ್ಟು ಹೋಗಿಲ್ಲ. ಮೇಲೆ ಕಬ್ಬಿಣದಂತೆ ಗಟ್ಟಿಯಾದ ಕೆಂಪು ಟೋಪಿ, ಕೆಳಕ್ಕೆ ಇಳಿದಂತೆ ಮೆದು ಬಣ್ಣಬಣ್ಣದ ಜೇಡಿ, ಅದರಡಿ ಅರ್ಧ ಕೊಳೆತ ಕಲ್ಲು, ತಳದಲ್ಲಿ ಮುಟ್ಟದ ಬಸಾಲ್ಟ್. ಕೋಟ್ಯಂತರ ವರ್ಷಗಳ ಕೆಲಸ ಒಂದೇ ಕಡಿದಾದ ಗೋಡೆಯಲ್ಲಿ ನೋಡಸಿಗುವ ಜಾಗ ಅದು. ಮೇಲಿನ ಟೋಪಿಯಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಹೆಸರಿಗೂ ಉಳಿದಿಲ್ಲ ಎನ್ನಬಹುದು. ಕೊಡುವುದನ್ನೆಲ್ಲ ಕೊಟ್ಟು ಕಬ್ಬಿಣ, ಅಲ್ಯೂಮಿನಿಯಂ ಮಾತ್ರ ಇಟ್ಟುಕೊಂಡ ಕಲ್ಲು. ಝೀರಾದ ನೀರು ಮೆದುವಾಗಿರುವುದು ಇದರಿಂದಲೇ. ಮಳೆನೀರು ಕದಿಯಲು ಅಲ್ಲಿ ಇನ್ನೇನೂ ಇಲ್ಲ.

2004ರಲ್ಲಿ ಕಿಸಾಕ್ಯುರೆಕ್, ವಿಡೌಸನ್, ಜೇಮ್ಸ್ ಎಂಬ ಮೂವರು ಬೀದರಿನ ಈ ಗೋಡೆಯಿಂದ ಮಾದರಿ ತೆಗೆದು ಲಿಥಿಯಂ ಅಳೆದು ಪ್ರಕಟಿಸಿದರು. ಲಿಥಿಯಂನಲ್ಲಿ ಹಗುರ ಮತ್ತು ಭಾರ ಎಂದು ಎರಡು ಬಗೆ. ಕಲ್ಲು ಕೊಳೆತು ಜೇಡಿಯಾಗುವಾಗ ಹಗುರದ್ದು ಜೇಡಿಯಲ್ಲಿ ಹೆಚ್ಚು ಉಳಿಯುತ್ತದೆ, ಭಾರದ್ದು ನೀರಿನ ಜೊತೆ ಹೊರಟು ಕಡಲು ಸೇರುತ್ತದೆ. ಕಡಲಿನ ತಳದ ಫೊರಾಮಿನಿಫೆರಾ ಚಿಪ್ಪಿನಲ್ಲಿ ಈ ಎರಡರ ಪ್ರಮಾಣ ನೋಡಿದರೆ ಆಗ ನೆಲದ ಮೇಲೆ ಕಲ್ಲು ಹೇಗೆ ಕರಗುತ್ತಿತ್ತು ಎಂದು ಊಹಿಸಬಹುದು. ಸಂಬುದ್ಧ ಮಿಶ್ರಾ ಮತ್ತು ಫಿಲಿಪ್ ಫ್ರೋಲಿಕ್ 2012ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಮಾಡಿದ್ದು ಅದನ್ನೇ. ಕಳೆದ 6 ಕೋಟಿ ವರ್ಷಗಳಲ್ಲಿ ಕಡಲಿನ ಲಿಥಿಯಂ ಸಾವಿರಕ್ಕೆ 9ರಷ್ಟು ಭಾರದ ಕಡೆ ವಾಲಿದೆ ಎಂದು ಅವರು ತೋರಿಸಿದರು. ಹಿಮಾಲಯ ಎದ್ದದ್ದು, ನದಿಗಳ ಸ್ವಭಾವ ಬದಲಾದದ್ದು ಇದಕ್ಕೆ ಕಾರಣ ಎಂಬ ಅವರ ಅರ್ಥವಿವರಣೆಯ ಬಗ್ಗೆ ವಿಜ್ಞಾನಿಗಳ ನಡುವೆ ಇನ್ನೂ ಜಗ್ಗಾಟ ನಡೆದಿದೆ. ಮಿಶ್ರಾ ಈಗ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದಾರೆ.

ಬೀದರಿನ ಆ ಅಧ್ಯಯನದಲ್ಲಿ ಒಂದು ಸಣ್ಣ ಎಡವಟ್ಟು ಸಂಗತಿಯೂ ಇತ್ತು. ಗೋಡೆಯ ಮೇಲ್ಪದರದಲ್ಲಿ ಕಂಡದ್ದೆಲ್ಲ ಅಲ್ಲಿಯ ಕಲ್ಲಿನದ್ದಲ್ಲ, ಗಾಳಿ ಹೊತ್ತು ತಂದ ಹೊರಗಿನ ದೂಳೂ ಬೆರೆತಿತ್ತು. ಒಳ್ಳೆಯ ಪ್ರಯೋಗಶಾಲೆಯ ಕೈಗೂ ನೆಲದ ಲೆಕ್ಕ ಇಷ್ಟು ಜಾರುತ್ತದೆ. ಕಲ್ಲುಪುಡಿ ವ್ಯಾಪಾರದ ಕಷ್ಟ ಇಲ್ಲೇ ಶುರುವಾಗುತ್ತದೆ. ಒಂದು ಎಕರೆ ಹೊಲದ ಮೇಲಿನ 15 ಸೆಂ.ಮೀ. ಮಣ್ಣು ತೂಗಿದರೆ ಸುಮಾರು 850 ಟನ್. ಅದಕ್ಕೆ ಎಂಟು ಟನ್ ಪುಡಿ ಹಾಕಿದರೆ ನೂರಕ್ಕೆ ಒಂದು ಪಾಲೂ ಆಗುವುದಿಲ್ಲ. ಆ ಒಂದು ಪಾಲಿನಲ್ಲಿ ಈ ವರ್ಷ ಎಷ್ಟು ಕರಗಿತು ಎಂದು ಹೇಳಬೇಕು. ಅದೂ ಬಸಾಲ್ಟಿನಿಂದಲೇ ಹುಟ್ಟಿದ, ಬಸಾಲ್ಟಿನ ಕಲ್ಲುಚೂರು ಮೊದಲೇ ತುಂಬಿರುವ ಎರೆ ಮಣ್ಣಿನಲ್ಲಿ! ಹಾಲಿಗೆ ಹಾಕಿದ ಹಾಲನ್ನು ಬೇರೆ ಮಾಡಿ ತೋರಿಸು ಎಂದಂತೆ.

ಇನ್ನು ಎರೆಯ ಸ್ವಭಾವ. ಔರಾದ್ ಕಡೆ ಹೊಲದ ಬದುವಿನಲ್ಲಿ ಹಳ್ಳ ಕೊರೆದ ಜಾಗ ನೋಡಿದರೆ ಕಪ್ಪು ಮಣ್ಣಿನ ನಡುವೆ ಬಿಳಿ ಹರಳುಗಳು ಕಾಣುತ್ತವೆ. ಕಡಲೆ ಗಾತ್ರದವು, ಕೆಲವು ಅಡಿಕೆಯಷ್ಟು. ಒಂದನ್ನು ಜಜ್ಜಿ ಮೇಲೆ ಹುಳಿ ನಿಂಬೆರಸ ಹಿಂಡಿದರೆ ಸಣ್ಣಗೆ ನೊರೆ ಏಳುತ್ತದೆ. ಅದು ಸುಣ್ಣದ ಹರಳು, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಕಲ್ಲಿನಿಂದ ಹೊರಟ ಕ್ಯಾಲ್ಸಿಯಂ ನದಿಯವರೆಗೂ ಹೋಗದೆ ಹೊಲದಲ್ಲೇ ಕೂತುಬಿಟ್ಟದ್ದಕ್ಕೆ ಇದೇ ಸಾಕ್ಷಿ. ಬೀದರಿನ ಮಳೆ ವರ್ಷಕ್ಕೆ 900 ಮಿ.ಮೀ. ಆಸುಪಾಸು. ಹೆಚ್ಚಿನದು ಮಳೆಗಾಲದ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ, ಉಳಿದ ತಿಂಗಳು ಬಿಸಿಲು ನೀರನ್ನು ಮೇಲಕ್ಕೆ ಎಳೆಯುತ್ತದೆ. ಎರೆ ಒದ್ದೆಯಾದರೆ ಉಬ್ಬಿ ಬಾಯಿ ಮುಚ್ಚುತ್ತದೆ, ನೀರನ್ನು ಕೆಳಗೆ ಬಿಡುವುದಿಲ್ಲ. ಹಾಗೆ ನಿಂತ ನೀರು ಆರುವಾಗ ಬೈಕಾರ್ಬೊನೇಟ್ ಸುಣ್ಣವಾಗಿ ಕೂರುತ್ತದೆ, ಹಿಡಿದಿದ್ದ ಇಂಗಾಲದಲ್ಲಿ ಅರ್ಧ ಮತ್ತೆ ಗಾಳಿಗೆ ಹೋಗುತ್ತದೆ. ಅರ್ಧವಾದರೂ ಉಳಿಯಿತಲ್ಲ ಎನ್ನಬಹುದು, ಅದು ಸರಿಯೇ. ಪೂರ್ತಿ ಹಿಡಿದೆವು ಎಂದು ಬಿಲ್ಲು ಬರೆದರೆ ಮಾತ್ರ ತಪ್ಪು.

ಬಸಾಲ್ಟ್ ಹುಳಿ ಮಣ್ಣಿನಲ್ಲಿ ಬೇಗ ಕರಗುತ್ತದೆ, ಕ್ಷಾರದ ಮಣ್ಣಿನಲ್ಲಿ ನಿಧಾನ. ಸುಣ್ಣ ತುಂಬಿದ ಎರೆಯ ಪಿಎಚ್ ಸಾಮಾನ್ಯವಾಗಿ 8ರ ಮೇಲೆ. ಒಂದು ಟನ್ ಬಸಾಲ್ಟ್ ಕೊನೆಯ ಕಣದವರೆಗೂ ಕರಗಿದರೆ ಹಿಡಿಯುವ ಇಂಗಾಲದ ಡೈಆಕ್ಸೈಡ್ ಹೆಚ್ಚುಕಡಿಮೆ ಮೂರು ಕ್ವಿಂಟಾಲ್. ಅದರಲ್ಲಿ ಕಲ್ಲು ಒಡೆದು ಅರೆಯುವ ಕರೆಂಟು, ಟಿಪ್ಪರಿನ ಡೀಸೆಲ್ ಕಳೆಯಬೇಕು. ಯೂರಿಯಾದ ಲೆಕ್ಕವನ್ನೂ ಕಳೆಯಬೇಕು. ಹೊಲಕ್ಕೆ ಹಾಕಿದ ಯೂರಿಯಾ ಮಣ್ಣಿನ ಸೂಕ್ಷ್ಮಜೀವಿಗಳ ಕೈಗೆ ಸಿಕ್ಕಾಗ ನೈಟ್ರಿಕ್ ಆಮ್ಲ ಹುಟ್ಟುತ್ತದೆ. ಆ ಆಮ್ಲ ಕರಗಿಸಿದ ಕಲ್ಲು ಗಾಳಿಯಿಂದ ಇಂಗಾಲವನ್ನು ಹೀರಿರುವುದಿಲ್ಲ. ಹೊಲದ ಮೋರಿಯಲ್ಲಿ ಕ್ಯಾಲ್ಸಿಯಂ ಹೆಚ್ಚಿತೆಂದು ಖುಷಿಪಡುವ ಮೊದಲು ಅದನ್ನು ಬಿಡಿಸಿದ್ದು ಗಾಳಿಯ ಇಂಗಾಲವೋ, ಸೊಸೈಟಿಯಿಂದ ತಂದ ಚೀಲವೋ ಎಂದು ಕೇಳಬೇಕು.

ಛತ್ತೀಸಗಢದ ಗದ್ದೆಯಲ್ಲಿ ನೀರು ನಿಲ್ಲುತ್ತದೆ, ಮಳೆ ಹೆಚ್ಚು. ಅಲ್ಲಿ ಗೆದ್ದ ವಿದ್ಯೆ ಔರಾದಿನ ಖುಷ್ಕಿ ತೊಗರಿ, ಸೋಯಾ ಹೊಲದಲ್ಲಿ ತಾನಾಗಿ ಗೆಲ್ಲುತ್ತದೆ ಎನ್ನಲು ಆಧಾರವಿಲ್ಲ. ಬೀದರಿನ ಬಿದ್ರಿ ಕೆಲಸಗಾರರು ಈ ಪಾಠವನ್ನು ಬಲ್ಲವರು. ಸತುವಿಗೆ ತುಸು ತಾಮ್ರ ಬೆರೆಸಿ, ಸುಮಾರು 16ಕ್ಕೆ 1ರ ಪ್ರಮಾಣದಲ್ಲಿ ಎರಕ ಹೊಯ್ಯುತ್ತಾರೆ. ಮೈಲುತುತ್ತದ ನೀರು ಸವರಿ ತಾತ್ಕಾಲಿಕ ಕಪ್ಪು ತಂದು, ಗೆರೆ ಕೊರೆದು, ಬೆಳ್ಳಿ ತಂತಿ ಬಡಿದು ಕೂರಿಸುತ್ತಾರೆ. ಕೊನೆಗೆ ನವಸಾಗರದ ಜೊತೆ ಕೋಟೆಯ ಮಣ್ಣು ಕಲಸಿ ಬಿಸಿ ಪಾತ್ರೆಗೆ ಉಜ್ಜಿದರೆ ಲೋಹ ಇದ್ದಿಲಿನಂತೆ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಹೊಳೆಯುತ್ತದೆ. ಯಾವುದೋ ಮಣ್ಣು ತಂದರೆ ಆ ಕಪ್ಪು ಬರುವುದಿಲ್ಲ. ಮಳೆ ಬಿಸಿಲು ತಾಕದ ಹಳೆಯ ಗೋಡೆಗಳ ಒಳಗಿನ ಮಣ್ಣೇ ಬೇಕು, ಅದರಲ್ಲಿ ಸೋರುಪ್ಪಿನಂಥ ಲವಣ ಇರಬೇಕು. ಮಣ್ಣು ಸರಿಯಿದೆಯೇ ಎಂದು ನುರಿತವರು ನಾಲಿಗೆಯ ತುದಿಗೆ ಇಟ್ಟು ನೋಡುತ್ತಾರೆ. 2023ರಲ್ಲಿ ಪದ್ಮಶ್ರೀ ಪಡೆದ ಶಾ ರಶೀದ್ ಅಹ್ಮದ್ ಕಾದ್ರಿ ಅವರಂಥವರ ಈ ವಿದ್ಯೆ ಅಪ್ಪಟ ಅನ್ವಯಿಕ ರಸಾಯನಶಾಸ್ತ್ರ. ಒಂದು ಹೂಜಿ ಕಪ್ಪಾಗಿಸಲು ಇಷ್ಟು ಎಚ್ಚರ ಬೇಕಾದರೆ, ಜಿಲ್ಲೆಯ ಹೊಲಗಳನ್ನೆಲ್ಲ ಒಂದೇ ಸೂತ್ರಕ್ಕೆ ಕಟ್ಟಿ ವಿದೇಶಕ್ಕೆ ಕ್ರೆಡಿಟ್ ಮಾರುವವರಿಗೆ ಎಷ್ಟು ಬೇಕು?

ಪುಡಿಯ ಪರ ನಿಂತವರ ಮಾತಿನಲ್ಲೂ ತೂಕವಿದೆ. ಭೂಮಿಯ ಒಣನೆಲದಲ್ಲಿ ಬಸಾಲ್ಟ್ ಇರುವುದು ನೂರಕ್ಕೆ ಐದರಷ್ಟು ಮಾತ್ರ. ಆದರೆ ಸಿಲಿಕೇಟ್ ಕಲ್ಲುಗಳು ಕರಗಿ ಹೀರುವ ಇಂಗಾಲದಲ್ಲಿ ಸುಮಾರು ಮೂರನೇ ಒಂದು ಪಾಲು ಅದರದ್ದು. ಫ್ರಾನ್ಸಿನ ಸೆಲಿನ್ ದೆಸೆರ್ ಮತ್ತು ಸಂಗಡಿಗರು 2001ರಲ್ಲಿ ದಖನ್ನಿನ ನದಿಗಳ ನೀರನ್ನೇ ಅಳೆದು, ಆಮೇಲೆ 2003ರಲ್ಲಿ ಜಗತ್ತಿನ ಲೆಕ್ಕ ಹಾಕಿ ಇದನ್ನು ತೋರಿಸಿದವರು. ಕಡಲಿಗೂ ಇದು ಬೇಕಾಗಿದೆ. ಕೈಗಾರಿಕೆ ಶುರುವಾದಾಗಿನಿಂದ ಕಡಲಿನ ಮೇಲ್ಪದರದ ಪಿಎಚ್ 8.2ರಿಂದ 8.1ಕ್ಕೆ ಇಳಿದಿದೆ. ಕೇಳಲು ಚೂರು, ಹುಳಿಯ ಲೆಕ್ಕದಲ್ಲಿ ಸುಮಾರು ಶೇ 30 ಏರಿಕೆ. ಚಿಪ್ಪು ಕಟ್ಟುವ ಜೀವಿಗಳಿಗೆ ಅದು ಭಾರವೇ. ನದಿ ತರುವ ಬೈಕಾರ್ಬೊನೇಟ್ ಆ ಹುಳಿಗೆ ಮದ್ದು.

ಈ ಕಲ್ಲು ಹುಟ್ಟುವಾಗಲೂ ಕಡಲಿನ ಜೊತೆ ಒಂದು ಹಳೆಯ ಮೊಕದ್ದಮೆ ಹೊತ್ತು ಬಂದಿದೆ. ದಖನ್ ಉಕ್ಕುತ್ತಿದ್ದ ಕಾಲದಲ್ಲೇ ಡೈನೋಸಾರ್‌ಗಳು ಅಳಿದವು, ಕಡಲಲ್ಲಿ ತೇಲುವ ಫೊರಾಮಿನಿಫೆರಾದ ಹೆಚ್ಚಿನ ಜಾತಿಗಳು ಸತ್ತವು. ಲಾವಾದ ಕೆಲವು ಹರಿವು ಸಾವಿರ ಕಿ.ಮೀ. ಸಾಗಿ ಗೋದಾವರಿ ದಂಡೆಯ ಇಂದಿನ ರಾಜಮಹೇಂದ್ರವರಂವರೆಗೆ ಹೋಗಿತ್ತು. ಅಲ್ಲಿಯ ಲಾವಾ ಪದರಗಳ ನಡುವಿನ ಮಣ್ಣಿನಲ್ಲಿ ಗರ್ಟಾ ಕೆಲ್ಲರ್ ತಂಡಕ್ಕೆ ಕಡಲ ಫೊರಾಮಿನಿಫೆರಾ ಸಿಕ್ಕಿದವು. ಅಳಿವಿಗೆ ದಖನ್ನೇ ಮುಖ್ಯ ಕಾರಣ ಎಂಬುದು ಕೆಲ್ಲರ್ ಅವರ ದಶಕಗಳ ವಾದ. ಮೆಕ್ಸಿಕೋದ ಬಳಿ ಬಿದ್ದ ಆಕಾಶಕಲ್ಲೇ ಕಾರಣ ಎಂಬುದು ಎದುರು ಪಕ್ಷ. 2019ರಲ್ಲಿ ಮೈಕೆಲ್ ಹೆನೆಹನ್ ಮತ್ತು ಸಂಗಡಿಗರು ಆ ಕಾಲದ ಚಿಪ್ಪುಗಳ ಬೋರಾನ್ ಅಳೆದು, ಕಡಲು ಹುಳಿಯಾದದ್ದು ಆಕಾಶಕಲ್ಲು ಬಿದ್ದ ಕೂಡಲೇ, ಅದಕ್ಕೂ ಮೊದಲು ಅಲ್ಲ ಎಂದು ತೋರಿಸಿದರು. ದಖನ್ನಿಗೆ ಅರ್ಧ ಜಾಮೀನು ಸಿಕ್ಕಂತಾಯಿತು. ಲಕ್ಷಾಂತರ ವರ್ಷ ನಿಧಾನಕ್ಕೆ ಉಗುಳಿದ ಅನಿಲವನ್ನು ಕಡಲು ಹೇಗೋ ಅರಗಿಸಿಕೊಂಡಿತು, ಏಕಾಏಕಿ ಬಂದದ್ದನ್ನು ಅರಗಿಸಲಾಗಲಿಲ್ಲ. ನಾವು ಇನ್ನೂರು ವರ್ಷಗಳಲ್ಲಿ ಉಗುಳಿದ್ದು ಎರಡನೆಯ ಸಾಲಿಗೆ ಸೇರುತ್ತದೆ. ಕಲ್ಲಿನ ಕೆಲಸವನ್ನು ಪುಡಿ ಮಾಡಿ ಚುರುಕುಗೊಳಿಸುವ ಆಸೆ ಹುಟ್ಟಿದ್ದೇ ಈ ಅವಸರದಿಂದ, ಆ ಆಸೆಯಲ್ಲಿ ತಪ್ಪೇನಿಲ್ಲ.

ತಪ್ಪು ಇರುವುದು ಅಳತೆಯನ್ನು ಕಂಪ್ಯೂಟರ್ ಮಾದರಿಗೆ ಬಿಟ್ಟು ಹಣವನ್ನು ಮುಂಗಡ ಎಣಿಸುವಲ್ಲಿ. ಬೀದರಿನ ಸುತ್ತಿನ ಕೆಂಪು ಮಸಾರಿ ನೆಲ ತೊಳೆದುಹೋದದ್ದು, ಕ್ಯಾಲ್ಸಿಯಂ ಮೆಗ್ನೀಸಿಯಂಗೆ ಬಡವಾದದ್ದು, ನೀರು ಕೆಳಗೆ ಬಿಡುವಂಥದ್ದು. ಅಲ್ಲಿ ಪುಡಿ ಬೇಗ ಕರಗುವ, ಇಂಗಾಲದ ಲೆಕ್ಕ ತಪ್ಪಿದರೂ ರೈತನ ಬೆಳೆಗಾದರೂ ಲಾಭ ಸಿಗುವ ಸಂಭವ ಹೆಚ್ಚು. ನೀರು ಹೋಗುವ ದಾರಿ ಕೂಡ ಅಲ್ಲಿ ಗೊತ್ತಿದೆ. 15ನೇ ಶತಮಾನದಲ್ಲಿ ಬೀದರ್ ಬಳಿಯ ನೌಬಾದಿನ ಸುರಂಗಬಾವಿ ತೋಡಿಸಿದವರು ಜಂಬಿಟ್ಟಿಗೆಯಲ್ಲಿ ಇಳಿದ ನೀರು ಎಲ್ಲಿ ನಿಲ್ಲುತ್ತದೆ, ಎತ್ತ ಹರಿಯುತ್ತದೆ ಎಂದು ಹುಡುಕಿಯೇ ಕೆಲಸ ಹಿಡಿದವರು. ಅದೇ ಬಾವಿಗಳಲ್ಲಿ, ಅದೇ ಊಟೆಗಳಲ್ಲಿ ಪುಡಿ ಹಾಕುವ ಮೊದಲು ಎರಡು ಮಳೆಗಾಲ, ಹಾಕಿದ ಮೇಲೆ ನಾಲ್ಕಾರು ಮಳೆಗಾಲ ನೀರಿನ ಕ್ಯಾಲ್ಸಿಯಂ, ಬೈಕಾರ್ಬೊನೇಟ್, ನೈಟ್ರೇಟ್ ಅಳೆಯಬಹುದು. ಪುಡಿಯಲ್ಲಿ ನಿಕ್ಕಲ್, ಕ್ರೋಮಿಯಂ ಎಷ್ಟಿದೆ ಎಂಬ ಪರೀಕ್ಷೆಯ ಚೀಟಿ ಪ್ರತಿ ಲೋಡಿಗೂ ಬೇಕು. ಕೃಷಿ ವಿಜ್ಞಾನ ಕೇಂದ್ರ ಜಿಲ್ಲೆಯಲ್ಲಿದೆ, ವಿಶ್ವವಿದ್ಯಾಲಯ ನಂದಿನಗರದಲ್ಲಿದೆ, ಮಾಂಜ್ರಾದ ನೀರು ಬಾಟಲಿಯಲ್ಲಿ ಹಿಡಿಯಲು ಯಾರ ಅಪ್ಪಣೆಯೂ ಬೇಕಿಲ್ಲ. ಆ ಅಂಕಿಗಳು ಕನ್ನಡದಲ್ಲಿ, ಗ್ರಾಮ ಪಂಚಾಯಿತಿಯ ಗೋಡೆಯ ಮೇಲೆ ಸಿಗಬೇಕು.

ಎರೆಯ ರೈತರ ಮಾತು ಬೇರೆ. ಔರಾದಿಗೋ ಭಾಲ್ಕಿಗೋ ಕರಾರುಪತ್ರ ಹಿಡಿದು ಯಾರಾದರೂ ಬಂದರೆ ಅವರಿಗೊಂದು ಲೋಟ ಕೊಳವೆಬಾವಿ ನೀರು ಕೊಡಿ, ಹೊಲದ ಬದುವಿನಿಂದ ಒಂದು ಸುಣ್ಣದ ಹರಳು ಆರಿಸಿ ಅವರ ಕೈಯಲ್ಲಿಡಿ. ನದಿಗೆ ಹೋಗಬೇಕಾಗಿದ್ದ ಇದು ನಮ್ಮ ಹೊಲದಲ್ಲೇ ಯಾಕೆ ಕೂತಿದೆ, ನಿಮ್ಮ ಲೆಕ್ಕದಲ್ಲಿ ಇದನ್ನು ಎಲ್ಲಿ ಕಳೆದಿದ್ದೀರಿ ಎಂದು ಕೇಳಿ. ಉತ್ತರ ಅಂಕಿಯಲ್ಲಿ ಬರುವವರೆಗೆ ಸಹಿ ಹಾಕಬೇಡಿ.